ಮೂವತ್ತಾರು ಡಿಗ್ರಿ, ಸಂಜೆ ನಾಲ್ಕರ ನೋವು: ಕೊಡಗಿನ ಒಂದು ಸ್ಕೋಲಿಯೋಸಿಸ್ ಪ್ರಕರಣ ಅಧ್ಯಯನ

ವಯಸ್ಸು 24, ಹೆಣ್ಣು, ಊರು ನಾಪೋಕ್ಲು ಕಡೆ. ಕೆಲಸ ಮಡಿಕೇರಿಯ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ, ದಿನಕ್ಕೆ ಎಂಟು ಗಂಟೆ ಕುರ್ಚಿ. ಹೋಗಿ ಬರುವುದು ಬಸ್ಸಿನಲ್ಲಿ. ಮನೆಯಲ್ಲಿ ಸಣ್ಣ ರೊಬಸ್ಟಾ ಕಾಫಿ ತೋಟ, ನಡುವೆ ಕಾಳುಮೆಣಸು. ಕೊಯ್ಲಿನ ದಿನಗಳಲ್ಲಿ ರಜೆ ಹಾಕಿ ಕಣದ ಕೆಲಸಕ್ಕೂ ನಿಲ್ಲುತ್ತಾರೆ. ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವುದು) ಇರುವ ಇಂಥ ಹಲವರಲ್ಲಿ ಕಾಣುವ ಸಂಗತಿಗಳನ್ನು ಒಬ್ಬರ ಮೇಲಿಟ್ಟು ಹೆಣೆದ ಪ್ರಕರಣ ಇದು. ಗುರುತು ಯಾರದೂ ಅಲ್ಲ.

ಅವರು ಹೇಳಿಕೊಂಡ ತೊಂದರೆ ಇಷ್ಟು: "ಬೆಳಿಗ್ಗೆ ಏನೂ ಇರಲ್ಲ ಮೇಡಂ. ನಾಲ್ಕು ಗಂಟೆ ಆಗ್ತಿದ್ದ ಹಾಗೆ ಬಲಗಡೆ ಸೊಂಟದ ಮೇಲೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ ಶುರುವಾಗುತ್ತೆ. ಬಸ್ ಹತ್ತೋ ಹೊತ್ತಿಗೆ ಬಲ ಹೆಗಲ ಹಲಗೆ ಕೆಳಗೆ ಉರಿ." ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಬೆಳಿಗ್ಗೆ 2, ಸಂಜೆ 6ರಿಂದ 7. ಹದಿನೈದು ನಿಮಿಷ ಮಲಗಿದರೆ ಅರ್ಧಕ್ಕರ್ಧ ಇಳಿಯುತ್ತದೆ. ಕಾಲಿಗೆ ಇಳಿಯುವ ನೋವಿಲ್ಲ, ಜೋಮಿಲ್ಲ. ರಾತ್ರಿ ನೋವಿನಿಂದ ಎಚ್ಚರವಾಗುವುದಿಲ್ಲ. ಈ ಕೊನೆಯ ಮೂರು ವಾಕ್ಯಗಳಲ್ಲೇ ರೋಗನಿರ್ಣಯದ ದೊಡ್ಡ ಪಾಲು ಇದೆ. ಆದರೂ ಅವರು ಬಂದದ್ದು ನೋವಿಗಾಗಿ ಅಲ್ಲ, ಒಂದು ಅಂಕಿಯ ಭಯದಿಂದ.

ಹತ್ತು ಡಿಗ್ರಿ ಏರಿತು ಎಂಬ ಭಯ

ಸ್ಕೋಲಿಯೋಸಿಸ್ ಪತ್ತೆಯಾದದ್ದು 14ನೇ ವಯಸ್ಸಿನಲ್ಲಿ, ಶಾಲೆಯ ಹಾಕಿ ತಂಡದ ಜೆರ್ಸಿ ಒಂದು ಪಕ್ಕ ಎತ್ತಿ ನಿಲ್ಲುತ್ತಿದ್ದುದನ್ನು ತಾಯಿ ಗಮನಿಸಿದ ಮೇಲೆ. ಆಗಿನ ಎಕ್ಸ್‌ರೇಯಲ್ಲಿ ಕಾಬ್ ಕೋನ (ಬಾಗು ಎಷ್ಟೆಂದು ಅಳೆಯುವ ಕೋನ) 29 ಡಿಗ್ರಿ. ಬ್ರೇಸ್ (ಮುಂಡಕ್ಕೆ ಬಿಗಿಯುವ ಗಟ್ಟಿ ಕವಚ) ಹಾಕಲು ಹೇಳಿದ್ದರು. ಮಳೆಗಾಲದಲ್ಲಿ ಒಳಬಟ್ಟೆ ಒಣಗದೆ ಚರ್ಮ ಕೆರೆದು, ದಿನಕ್ಕೆ ಏಳೆಂಟು ಗಂಟೆಗಿಂತ ಹೆಚ್ಚು ಹಾಕಲಾಗಲಿಲ್ಲ. 17ನೇ ವಯಸ್ಸಿನಲ್ಲಿ, ಬೆಳವಣಿಗೆ ಮುಗಿದಾಗ, 33 ಡಿಗ್ರಿ. ಕಳೆದ ವರ್ಷ ಬೆನ್ನುನೋವಿಗೆಂದು ತೆಗೆಸಿದ ಫಿಲ್ಮಿನಲ್ಲಿ 26. ಈ ವರ್ಷ 36. ಒಂದೇ ವರ್ಷದಲ್ಲಿ ಹತ್ತು ಡಿಗ್ರಿ ಏರಿದೆ, ಆಪರೇಷನ್ ಆಗಲೇಬೇಕು ಎಂಬ ಮಾತು ಮನೆಯಲ್ಲಿ ಎದ್ದಿತ್ತು. ಮೈಸೂರಿಗೋ ಮಂಗಳೂರಿಗೋ ಎಂಬ ಚರ್ಚೆಯೂ ನಡೆದಿತ್ತು.

ನಾಲ್ಕೂ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ಸಾಲಾಗಿ ನೋಡಿದರೆ ಉತ್ತರ ಅಲ್ಲೇ ಇತ್ತು. 26 ತೋರಿಸಿದ ಫಿಲ್ಮು ಮಲಗಿಸಿ ತೆಗೆದದ್ದು. ಉಳಿದ ಮೂರೂ ನಿಲ್ಲಿಸಿ ತೆಗೆದವು. ಮಲಗಿದಾಗ ದೇಹದ ಭಾರ ಬೆನ್ನುಮೂಳೆಯ ಮೇಲೆ ಕೂರುವುದಿಲ್ಲ, ಬಾಗು ತಾನಾಗಿ ಸಡಿಲಗೊಂಡು ಹಲವು ಡಿಗ್ರಿ ಕಡಿಮೆ ಕಾಣುತ್ತದೆ. ಮಲಗಿದ ಫಿಲ್ಮನ್ನು ನಿಂತ ಫಿಲ್ಮಿನ ಜೊತೆ ಹೋಲಿಸುವುದೇ ತಪ್ಪು. ನಿಂತದ್ದನ್ನು ನಿಂತದ್ದಕ್ಕೆ ಹೋಲಿಸಿದರೆ ಏಳು ವರ್ಷಕ್ಕೆ 33ರಿಂದ 36. ಒಂದೇ ಫಿಲ್ಮನ್ನು ಇಬ್ಬರು ಅಳೆದರೂ ಕಾಬ್ ಕೋನದಲ್ಲಿ 3ರಿಂದ 5 ಡಿಗ್ರಿ ವ್ಯತ್ಯಾಸ ಬರುತ್ತದೆ. ಆದ್ದರಿಂದ 5 ಡಿಗ್ರಿಗಿಂತ ಹೆಚ್ಚಿನ ಬದಲಾವಣೆಯನ್ನು ಮಾತ್ರ ನಿಜವಾದ ಏರಿಕೆ ಎಂದು ಪರಿಗಣಿಸುವುದು ರೂಢಿ. ಅಂದರೆ ಬಾಗು ಏರಿದೆ ಎನ್ನಲು ಇಲ್ಲಿ ಆಧಾರವೇ ಇರಲಿಲ್ಲ.

ಬೆಳವಣಿಗೆ ಮುಗಿದ ಮೇಲೆ 30 ಡಿಗ್ರಿಯೊಳಗಿನ ಬಾಗುಗಳು ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. 50 ದಾಟಿದ ಎದೆಭಾಗದ ಬಾಗುಗಳು ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರುತ್ತ ಹೋಗಬಹುದು, ಶಸ್ತ್ರಚಿಕಿತ್ಸೆಯ ಮಾತು ಬರುವುದೂ ಸಾಮಾನ್ಯವಾಗಿ 45–50ರ ಆಚೆ. ಇವರದು ನಡುವಿನ ಗುಂಪು. ನಿಗಾ ಬೇಕು, ಗಾಬರಿ ಬೇಡ.

ಎಕ್ಸ್‌ರೇ ತೆಗೆಸುವವರು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು: ಪೂರ್ತಿ ಬೆನ್ನು, ನಿಂತ ಭಂಗಿ, ಬರಿಗಾಲು, ಹಿಂದಿನಿಂದ ಮುಂದಕ್ಕೆ ಕಿರಣ. ಹಿಂದಿನಿಂದ ಹಾಯಿಸಿದರೆ ಎದೆಗೆ ತಾಗುವ ವಿಕಿರಣ ಕಡಿಮೆ, ಹೆಣ್ಣುಮಕ್ಕಳಿಗೆ ಇದು ಮುಖ್ಯ. ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಚಿತ್ರವಾಗಿ ಜೋಡಿಸುವ ಸೌಲಭ್ಯ ಎಲ್ಲ ಲ್ಯಾಬುಗಳಲ್ಲಿ ಇರುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ಕೇಳಿದರೆ ಘಟ್ಟದ ದಾರಿಯ ಒಂದು ದಿನ ಉಳಿಯುತ್ತದೆ.

ಪರೀಕ್ಷೆಯಲ್ಲಿ ಕಂಡದ್ದು

ಎರಡು ಬಾಗು: ಎದೆಭಾಗದಲ್ಲಿ ಟಿ-6ರಿಂದ ಟಿ-12ನೇ ಕಶೇರುವಿನವರೆಗೆ ಬಲಕ್ಕೆ 36 ಡಿಗ್ರಿ, ಸೊಂಟದಲ್ಲಿ ಎಲ್-1ರಿಂದ ಎಲ್-4ನೇ ಕಶೇರುವಿನವರೆಗೆ ಎಡಕ್ಕೆ 28. ಮುಂದಕ್ಕೆ ಬಾಗಿಸಿ ಬೆನ್ನಿನ ಓರೆ ಅಳೆಯುವ ಸ್ಕೋಲಿಯೋಮೀಟರ್ ಇಟ್ಟಾಗ ಬಲ ಪಕ್ಕೆಯ ಉಬ್ಬು 11 ಡಿಗ್ರಿ, ಸೊಂಟದ ಎಡದಲ್ಲಿ 7. ಕುತ್ತಿಗೆಯ ಬುಡದಿಂದ ತೂಗುಗುಂಡಿನ ದಾರ ಬಿಟ್ಟರೆ ಅದು ನಡುಗೆರೆಯಿಂದ ಒಂದೂವರೆ ಸೆಂಟಿಮೀಟರ್ ಎಡಕ್ಕೆ ಬೀಳುತ್ತದೆ. ಕಾಲಿನ ಶಕ್ತಿ, ಮಂಡಿಯ ಮತ್ತು ಹಿಮ್ಮಡಿಯ ಪ್ರತಿವರ್ತನೆ, ಹೊಟ್ಟೆಯ ಚರ್ಮ ಗೀರಿದಾಗ ಸ್ನಾಯು ಸೆಳೆಯುವುದು ಎಲ್ಲ ಎರಡೂ ಕಡೆ ಸಮ.

ಹೊಟ್ಟೆಯ ಆ ಗೀರುವ ಪರೀಕ್ಷೆಯನ್ನು ಬಿಡುವಂತಿಲ್ಲ. ಒಂದು ಕಡೆ ಸೆಳೆತ ಇಲ್ಲದಿದ್ದರೆ, ಎದೆಭಾಗದ ಬಾಗು ಎಡಕ್ಕಿದ್ದರೆ, ಬಾಗು ಬೇಗ ಬೇಗ ಏರುತ್ತಿದ್ದರೆ ಬೆನ್ನುಹುರಿಯೊಳಗೇ ಏನಾದರೂ ಇದೆಯೇ ಎಂದು ಎಂಆರ್‌ಐ ಮಾಡಿಸಬೇಕಾಗುತ್ತದೆ. ಎಳೆಯ ವಯಸ್ಸಿನಲ್ಲಿ ರಾತ್ರಿ ಹೆಚ್ಚಾಗುವ, ಆಸ್ಪಿರಿನ್ ಥರದ ಮಾತ್ರೆಗೆ ತಟ್ಟನೆ ಇಳಿಯುವ ನೋವು ಮೂಳೆಯ ಒಂದು ಸಣ್ಣ ಗಡ್ಡೆಯ ಲಕ್ಷಣವೂ ಇರಬಹುದು. ಅದರ ಹೆಸರು ಆಸ್ಟಿಯಾಯ್ಡ್ ಆಸ್ಟಿಯೋಮ. ಇವರಲ್ಲಿ ಅಂಥದ್ದೇನೂ ಇಲ್ಲದ್ದರಿಂದ ಎಂಆರ್‌ಐ ಮಾಡಿಸಲಿಲ್ಲ. ಮಾಡಿಸದೆ ಇರುವುದೂ ಒಂದು ತೀರ್ಮಾನವೇ, ಅದಕ್ಕೂ ಕಾರಣ ಬರೆದಿಟ್ಟಿರಬೇಕು.

ನೋವು ಎಲ್ಲಿಂದ ಎಂಬುದು ಎರಡು ಚಲನೆಗಳಲ್ಲಿ ತಿಳಿಯಿತು. ನಿಂತು ಹಿಂದಕ್ಕೆ ಬಾಗಿ ಬಲಕ್ಕೆ ವಾಲಿದಾಗ ಸೊಂಟದ ಅದೇ ಹೆಬ್ಬೆರಳ ಜಾಗ ಹಿಡಿಯಿತು. ಎಡಕ್ಕೆ ವಾಲಿದಾಗ ಹಿತ. ಸೊಂಟದ ಬಾಗು ಎಡಕ್ಕೆ ಉಬ್ಬಿರುವುದರಿಂದ ಬಲಗಡೆ ಒಳತಗ್ಗು. ಅಲ್ಲಿ ಕಶೇರುಗಳ ಹಿಂಬದಿಯ ಪುಟ್ಟ ಫಾಸೆಟ್ ಕೀಲುಗಳು ಒಂದರ ಮೇಲೊಂದು ಒತ್ತಿ ಕೂರುತ್ತವೆ. ಹೆಗಲ ಹಲಗೆಯ ಕೆಳಗಿನ ಉರಿ ಬೇರೆ ಬಗೆಯದು. ಪಕ್ಕೆ ಉಬ್ಬಿದ ಕಡೆಯ ಸ್ನಾಯುಗಳು ಇಡೀ ದಿನ ಹಗ್ಗ ಎಳೆದಂತೆ ಎಳೆದುಕೊಂಡೇ ಇದ್ದು ಸಂಜೆ ಸೋಲುತ್ತವೆ. ಒಂದು ಒತ್ತಡದ ನೋವು, ಇನ್ನೊಂದು ದಣಿವಿನ ನೋವು. ಎರಡಕ್ಕೂ ಕಾರಣ ಬಾಗು ಇರುವುದಷ್ಟೇ ಅಲ್ಲ, ಬಾಗಿದ ಬೆನ್ನು ದಿನವಿಡೀ ಒಂದೇ ಭಂಗಿಯಲ್ಲಿ ಹೊರೆ ಹೊರುವುದು. 36 ಡಿಗ್ರಿಯನ್ನು ವ್ಯಾಯಾಮದಿಂದ 20 ಮಾಡಲು ಈ ವಯಸ್ಸಿನಲ್ಲಿ ಆಗದು. ಹೊರೆಯನ್ನು ಮಾತ್ರ ಹಂಚಬಹುದು, ಹೊರುವ ಶಕ್ತಿಯನ್ನೂ ಬೆಳೆಸಬಹುದು. ಮುಂದಿನ ಯೋಜನೆಯೆಲ್ಲ ನಿಂತದ್ದು ಇದರ ಮೇಲೆ.

ಮೊದಲು ಕಳಚಿದ್ದು

ಹೊಸದನ್ನು ಸೇರಿಸುವ ಮೊದಲು ಇದ್ದುದರಲ್ಲಿ ನಾಲ್ಕನ್ನು ನಿಲ್ಲಿಸಬೇಕಾಯಿತು.

ಬಲ ಚಪ್ಪಲಿಯೊಳಗೆ ಒಂದೂವರೆ ಸೆಂಟಿಮೀಟರಿನ ಹಿಮ್ಮಡಿ ಪ್ಯಾಡ್ ಇತ್ತು. ಸೊಂಟ ಓರೆಯಾಗಿ ಕಂಡಿದ್ದರಿಂದ "ಒಂದು ಕಾಲು ಗಿಡ್ಡ" ಎಂದು ಯಾರೋ ಹಾಕಿಸಿದ್ದರು. ಸೊಂಟದ ಮುಂದಿನ ಮೂಳೆಯ ತುದಿಯಿಂದ ಒಳ ಹರಡಿನವರೆಗೆ ಟೇಪು ಹಿಡಿದು ಅಳೆದರೆ ನಿಜವಾದ ವ್ಯತ್ಯಾಸ ಕೇವಲ 4 ಮಿಲಿಮೀಟರ್. ಅಷ್ಟಕ್ಕೆ ಪ್ಯಾಡ್ ಬೇಕಿಲ್ಲ. ಸೊಂಟ ಓರೆಯಾಗಿ ಕಂಡದ್ದು ಬಾಗಿನಿಂದ. ಬಲಗಾಲ ಕೆಳಗೆ 5 ಮಿ.ಮೀ. ದಪ್ಪದ ಹಲಗೆ ಚೂರುಗಳನ್ನು ಒಂದೊಂದಾಗಿ ಇಟ್ಟು ನಿಲ್ಲಿಸಿದಾಗ ಮೂರನೆಯದಕ್ಕೇ ಬಲ ಸೊಂಟ ಹಿಡಿಯಿತು. ಅಂದರೆ ಪ್ಯಾಡೇ ಒಳತಗ್ಗಿನ ಕೀಲುಗಳನ್ನು ಇನ್ನಷ್ಟು ಒತ್ತುತ್ತಿತ್ತು. ತೆಗೆದ ಹತ್ತು ದಿನದಲ್ಲಿ ಸಂಜೆಯ ನೋವು ಒಂದು ಅಂಕ ಇಳಿಯಿತು.

ಸೊಂಟದ ಬೆಲ್ಟು ಎಂಟು ತಿಂಗಳಿಂದ ಬೆಳಿಗ್ಗೆಯಿಂದ ರಾತ್ರಿಯವರೆಗೆ ಇತ್ತು. ಒಮ್ಮೆಲೇ ಬಿಡಿಸಲಿಲ್ಲ. ಮೂರು ದಿನಕ್ಕೊಮ್ಮೆ ಒಂದು ಗಂಟೆ ಕಡಿಮೆ ಮಾಡುತ್ತ ಐದು ವಾರದಲ್ಲಿ ಬಸ್ ಪ್ರಯಾಣಕ್ಕೆ ಮಾತ್ರ ಉಳಿಸಿ, ಆಮೇಲೆ ಅದನ್ನೂ ತೆಗೆಯಲಾಯಿತು. ದೊಡ್ಡವರಲ್ಲಿ ಬೆಲ್ಟು ಬಾಗನ್ನು ನೇರ ಮಾಡುವುದಿಲ್ಲ. ಭಾರದ ಕೆಲಸದ ಒಂದೆರಡು ಗಂಟೆಗೆ ಆಸರೆ, ಅಷ್ಟೇ. ಮೂರನೆಯದು, ಬೆನ್ನಿನ ಮೇಲೆ ಕಾಲಿಟ್ಟು ಒತ್ತಿ "ಉಳುಕು ತೆಗೆಯುವುದು". ಎರಡು ದಿನ ಹಗುರ, ನಾಲ್ಕನೇ ದಿನ ಮೊದಲಿನದೇ, ಮೇಲೆ ಪಕ್ಕೆಗೆ ಪೆಟ್ಟು. ನಾಲ್ಕನೆಯದು ಮೆಡಿಕಲ್ ಶಾಪಿನ ಡೈಕ್ಲೋಫಿನಾಕ್, ತಿಂಗಳಿಗೆ ಸುಮಾರು 24 ಮಾತ್ರೆ, ಹೆಚ್ಚಿನವು ಖಾಲಿ ಹೊಟ್ಟೆಯಲ್ಲಿ.

ಬಲ ಸೊಂಟದ ಚರ್ಮದ ಮೇಲೆ ಬಲೆ ಹೆಣೆದಂಥ ಕಂದು ಕಲೆಗಳಿದ್ದವು. ಮನೆಯವರು ಇದನ್ನು ಹುಳುಕಡ್ಡಿ ಎಂದುಕೊಂಡು ಮುಲಾಮು ಹಚ್ಚಿದ್ದರು. ಅದು ರಾತ್ರಿಯಿಡೀ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರ ಗುರುತು. ಚಳಿಗಾಲದಲ್ಲಿ ಒಲೆಗೆ ತೀರ ಹತ್ತಿರ ಕೂರುವವರ ಮೊಣಕಾಲಿನ ಮೇಲೂ ಇದೇ ಕಲೆ ಬೀಳುತ್ತದೆ. ಶಾಖ ಬಿಡಬೇಕಿಲ್ಲ: ಚೀಲಕ್ಕೆ ಎರಡು ಸುತ್ತು ಟವೆಲ್, 15 ನಿಮಿಷ, ಮಲಗುವ ಮುನ್ನ ತೆಗೆದಿಡಬೇಕು. ಹಂಡೆಯ ಬಿಸಿನೀರಿನ ಸ್ನಾನ ಸಂಜೆಗೆ ಬದಲಾದದ್ದೂ ಒಳ್ಳೆಯದಾಯಿತು. ಸ್ನಾನದ ನಂತರದ ಅರ್ಧ ಗಂಟೆಯೇ ವ್ಯಾಯಾಮಕ್ಕೆ ಹದವಾದ ಹೊತ್ತು.

ನೋವು ಬರುವ ಮುನ್ನ ಮಲಗುವುದು

ಎರಡು ವಾರ ಒಂದು ಪುಟ್ಟ ಪುಸ್ತಕದಲ್ಲಿ ನಾಲ್ಕು ಅಂಕಿ ಬರೆಸಲಾಯಿತು: ಸಂಜೆಯ ನೋವು, ಕುಳಿತ ಗಂಟೆ, ನಡೆದ ನಿಮಿಷ, ನಿದ್ದೆಯ ಗಂಟೆ. ಅವರು ಊಹಿಸಿದ್ದು ಒಂದು, ಪುಸ್ತಕ ತೋರಿಸಿದ್ದು ಇನ್ನೊಂದು. ಭಾನುವಾರ ಪೂರ್ತಿ ಮಲಗಿದ ದಿನ ನೋವು ಕಡಿಮೆಯಿರಲಿಲ್ಲ, 5ರ ಮೇಲೆಯೇ ಇತ್ತು. ಆರು ಗಂಟೆಗಿಂತ ಕಡಿಮೆ ನಿದ್ದೆಯಾದ ಮರುದಿನ ಸಾಮಾನ್ಯವಾಗಿ ಎರಡು ಅಂಕ ಹೆಚ್ಚು. ಮುಟ್ಟಿನ ಹಿಂದಿನ ದಿನ ಮತ್ತು ಮೊದಲ ದಿನ ಎಲ್ಲಕ್ಕಿಂತ ಹೆಚ್ಚು. ಈ ಕೊನೆಯದನ್ನು ಅವರು ಹೇಳಿಕೊಂಡಿರಲೇ ಇಲ್ಲ, ಯಾರೂ ಕೇಳಿರಲೂ ಇಲ್ಲ.

ಕುಳಿತರೆ ಎಷ್ಟು ಹೊತ್ತಿಗೆ ನೋವು ಶುರುವಾಗುತ್ತದೆ ಎಂದು ಗಡಿಯಾರ ಹಿಡಿದು ನೋಡಿದಾಗ ಸರಾಸರಿ 50 ನಿಮಿಷ. ಅದರ ಮುಕ್ಕಾಲಿಗಿಂತ ಸ್ವಲ್ಪ ಕೆಳಗೆ, 35 ನಿಮಿಷಕ್ಕೆ, ಫೋನಿನಲ್ಲಿ ಅಲಾರಂ. ಅಲಾರಂ ಆದಾಗ ನೋವಿರಲಿ ಬಿಡಲಿ ಎದ್ದು ಒಂದೂವರೆ ನಿಮಿಷ ನಿಲ್ಲುವುದು, ಬಲಗೈ ಮೇಲಕ್ಕೆತ್ತಿ ಎಡಕ್ಕೆ ಮೆಲ್ಲಗೆ ವಾಲುವುದು, ನೀರು ಕುಡಿದು ಕೂರುವುದು. ಮಧ್ಯಾಹ್ನ ಊಟದ ನಂತರ ಮತ್ತು 3 ಗಂಟೆಗೆ ಕಚೇರಿಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ, ಕುರ್ಚಿಯ ಮೇಲೆ ಮೀನಗಂಡ ಇಟ್ಟು ಎಂಟು ನಿಮಿಷ ಮಲಗುವುದು. ನೋವು ಬಂದ ಮೇಲೆ ಮಲಗುವುದಕ್ಕೂ ಬರುವ ಮುನ್ನ ಮಲಗುವುದಕ್ಕೂ ಬಹಳ ವ್ಯತ್ಯಾಸ. ಮೂರು ಗಂಟೆಯ ಎಂಟು ನಿಮಿಷ ಐದು ಗಂಟೆಯ ಅರ್ಧ ಗಂಟೆಗಿಂತ ಹೆಚ್ಚು ಕೆಲಸ ಮಾಡಿತು. ಸಹೋದ್ಯೋಗಿಗಳೆದುರು ಮಲಗಲು ಸಂಕೋಚವಿತ್ತು. ಮೇಲಧಿಕಾರಿಗೆ ವೈದ್ಯರ ಒಂದು ಪುಟದ ಪತ್ರ ಕೊಟ್ಟ ಮೇಲೆ ಅದೂ ಸರಿಹೋಯಿತು. ಇಂಥ ಪತ್ರ ಕೇಳಿ ಪಡೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ವ್ಯಾಯಾಮ ಶುರುವಾದದ್ದು ಮಾರ್ಚ್ ಕೊನೆಗೆ, ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ. ವಾರಕ್ಕೆ ಐದು ದಿನ, 25 ನಿಮಿಷ.

ಮೊದಲು ಕೈಕಾಲೂರಿ ಬೆನ್ನನ್ನು ಬೆಕ್ಕಿನಂತೆ ಮೇಲೆತ್ತಿ ಇಳಿಸುವುದು, ಎಂಟು ಸಲ, ನಿಧಾನ. ಆಮೇಲೆ ಅದೇ ಭಂಗಿಯಲ್ಲಿ ಬಲಗೈ ಮತ್ತು ಎಡಗಾಲು ಚಾಚಿ 8 ಸೆಕೆಂಡು, ನಂತರ ಇನ್ನೊಂದು ಜೋಡಿ. ಮೊದಲ ಸುತ್ತಿನಲ್ಲಿ ಆರು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಎರಡು. ಸುತ್ತಿಗೆ ಸುತ್ತು ಇಳಿಸುವುದೇಕೆಂದರೆ ದಣಿದ ಸ್ನಾಯು ಭಂಗಿ ಕೆಡಿಸುತ್ತದೆ, ಕೆಟ್ಟ ಭಂಗಿ ಮತ್ತೆ ಅದೇ ಕೀಲನ್ನು ಒತ್ತುತ್ತದೆ. ಬೆನ್ನಿನ ಮೇಲೆ ಅರ್ಧ ಲೋಟ ನೀರಿನ ಸ್ಟೀಲ್ ಲೋಟ ಇಟ್ಟರೆ ಸೊಂಟ ತಿರುಗಿದ್ದು ತಕ್ಷಣ ಗೊತ್ತಾಗುತ್ತದೆ. ಮೊದಲ ವಾರ ಮೂರು ಸಲ ಲೋಟ ಬಿತ್ತು.

ಮೊಣಕಾಲೂರಿದ ಪಕ್ಕದ ಪ್ಲ್ಯಾಂಕ್ (ಒಂದು ಮಗ್ಗುಲಿಗೆ ಮಲಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು) ಎಡಬದಿ ಕೆಳಗೆ ಮಾಡಿ 8 ಸೆಕೆಂಡು ಐದು ಸಲ, ಬಲಬದಿ ಮೂರು ಸಲ. ಸೊಂಟದ ಬಾಗು ಎಡಕ್ಕೆ ಉಬ್ಬಿರುವುದರಿಂದ ಎಡದ ಸ್ನಾಯುಗಳಿಗೆ ಹೆಚ್ಚು ಪಾಲು. ಇದರಿಂದ ಬಾಗು ಕರಗುತ್ತದೆ ಎಂಬ ಆಸೆ ಹುಟ್ಟಿಸಲಿಲ್ಲ, ತಾಳಿಕೆಗಾಗಿ ಮಾತ್ರ ಮಾಡಿಸಿದ್ದು. ಕೊನೆಗೆ ಉಸಿರು: ಸ್ಟೂಲಿನ ಮೇಲೆ ನೇರ ಕೂತು ಎಡ ಬೆನ್ನಿನ ಕೆಳಪಕ್ಕೆಗೆ ಅಂಗೈ ಇಟ್ಟು, ಆ ಅಂಗೈಯನ್ನು ತಳ್ಳುವಂತೆ ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡುವುದು, ಐದೈದರ ಮೂರು ಸುತ್ತು. ಎಡಪಕ್ಕೆ ಒಳತಗ್ಗಿನ ಕಡೆ, ಅಲ್ಲಿ ಪಕ್ಕೆಲುಬುಗಳು ಮುದುಡಿ ಕೂತಿರುತ್ತವೆ. ಜರ್ಮನಿಯ ಕ್ಯಾಥರೀನಾ ಶ್ರಾತ್ 1920ರ ದಶಕದಲ್ಲಿ ಕಟ್ಟಿದ ಪದ್ಧತಿಯಲ್ಲಿ ಈ ಬಗೆಯ ಉಸಿರಾಟಕ್ಕೆ ದೊಡ್ಡ ಸ್ಥಾನವಿದೆ. ಅವರಿಗೇ ಸ್ಕೋಲಿಯೋಸಿಸ್ ಇತ್ತು.

ಇಲ್ಲಿ ಹೇಳಿದ ಎಡ-ಬಲಗಳು ಈ ಬೆನ್ನಿಗೆ ಮಾತ್ರ. ಬಾಗು ಬೇರೆಯಾದರೆ ಕಡೆಯೂ ಬೇರೆ. ವಿಡಿಯೋ ನೋಡಿ ಕಣ್ಣುಮುಚ್ಚಿ ಅನುಕರಿಸುವವರು ಬಹಳ ಸಲ ಎಡವುವುದು ಇಲ್ಲಿಯೇ. ಸ್ಕೋಲಿಯೋಸಿಸ್ ಗೊತ್ತಿರುವ ಫಿಸಿಯೋಥೆರಪಿಸ್ಟ್ ಒಮ್ಮೆ ಫಿಲ್ಮು ನೋಡಿ ಕಡೆ ಗುರುತು ಹಾಕಿಕೊಟ್ಟ ಮೇಲೆ ಮನೆಯಲ್ಲೇ ಮುಂದುವರಿಸಬಹುದು. ತಿಂಗಳಿಗೊಮ್ಮೆ ಭಂಗಿ ತೋರಿಸಿ ಬಂದರೆ ಸಾಕು.

ಐದನೇ ವಾರದಿಂದ ಭಾರ. ಜಿಮ್ ಬೇಕಿರಲಿಲ್ಲ. ಐದು ಲೀಟರಿನ ಎರಡು ನೀರಿನ ಕ್ಯಾನು, ಎರಡೂ ಕೈಯಲ್ಲಿ ಒಂದೊಂದು, ಅಂಗಳದಲ್ಲಿ ಮೂವತ್ತು ಹೆಜ್ಜೆ ಮೂರು ಸಲ. ಬೆನ್ನು ನೇರ ಇಟ್ಟು ಸೊಂಟದ ಕೀಲಿನಿಂದ ಬಾಗಿ ಒಂದು ಕ್ಯಾನನ್ನು ನೆಲದಿಂದ ಎತ್ತುವುದು ಎಂಟು ಸಲ, ಎರಡು ಸುತ್ತು. ಕಿಟಕಿ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿ ಎಳೆಯುವುದು ಹತ್ತು ಸಲ, ಎರಡು ಸುತ್ತು. ಹನ್ನೆರಡನೇ ವಾರಕ್ಕೆ ಕ್ಯಾನುಗಳು ತಲಾ ಎಂಟು ಲೀಟರು. ನಿಯಮ ಒಂದೇ: ಮಾಡುವಾಗ ನೋವು ಎರಡು ಅಂಕ ಏರಬಹುದು, ಆದರೆ ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಬಂದಿರಬೇಕು. ಬರದಿದ್ದರೆ ಹಿಂದಿನ ವಾರದ ಅಳತೆಗೆ ಇಳಿಯುವುದು. ನಿಲ್ಲಿಸುವುದಲ್ಲ.

ಬಸ್ಸು, ಚೀಲ, ಹಾಸಿಗೆ

ಕಚೇರಿ ಚೀಲವನ್ನು ಮನೆಯ ಮೆಣಸು ತೂಗುವ ತಕ್ಕಡಿಯಲ್ಲಿಟ್ಟಾಗ ಐದೂವರೆ ಕಿಲೋ. ಲ್ಯಾಪ್‌ಟಾಪ್, ಸ್ಟೀಲ್ ಟಿಫಿನ್, ಎರಡು ಬಾಟಲಿ, ಕೊಡೆ, ಎಲ್ಲವೂ ಬಲ ಹೆಗಲಿಗೆ. ಒಂದೇ ಹೆಗಲಿಗೆ ತೂಗಿದ ಭಾರ ಬೆನ್ನಿಗೆ ಓರೆಯಾದ ಹೊರೆ. ಲ್ಯಾಪ್‌ಟಾಪ್ ಕಚೇರಿಯಲ್ಲೇ ಉಳಿಯಿತು, ನೀರು ಅಲ್ಲೇ ತುಂಬಿಸಿಕೊಂಡರು, ಎರಡೂ ಹೆಗಲಿಗೆ ಹಾಕುವ ಚೀಲ ಬಂತು. ತೂಕ ಎರಡು ಕಿಲೋ ಚಿಲ್ಲರೆ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ, ಹಿಂದಿನ ಚಕ್ರದ ಮೇಲಿನದೂ ಬೇಡ. ಹೊಂಡದ ಕುಲುಕು ಅಲ್ಲೇ ಹೆಚ್ಚು. ಎರಡು ಚಕ್ರಗಳ ನಡುವಿನ ಸೀಟು, ಸೊಂಟದ ಹಿಂದೆ ಸುತ್ತಿದ ಶಾಲು, ತಿರುವುಗಳಲ್ಲಿ ಮುಂದಿನ ಸೀಟಿನ ಸರಳಿಗೆ ಎರಡೂ ಕೈ.

ಹಳೆಯ ಹತ್ತಿ ಹಾಸಿಗೆಯ ನಡುವೆ ಅಂಗೈ ಆಳದ ಗುಂಡಿ ಬಿದ್ದಿತ್ತು. ಹೊಸತಕ್ಕೆ ಹಣ ಸುರಿಯುವ ಮೊದಲು ಅದನ್ನೇ ಬಿಚ್ಚಿ ಹತ್ತಿ ಹಿಂಜಿಸಿ ಹೊಲಿಸಲಾಯಿತು. ಎಡಮಗ್ಗುಲಲ್ಲಿ ಮಲಗಿ ಮೊಣಕಾಲುಗಳ ನಡುವೆ ದಿಂಬು. ಬರಿ ನೆಲದ ಮೇಲೆ ಮಲಗಿದರೆ ಬೆನ್ನು ನೇರವಾಗುತ್ತದೆ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಪಕ್ಕೆ ಉಬ್ಬಿದವರಿಗೆ ಅದು ಉಬ್ಬಿನ ಮೇಲೇ ರಾತ್ರಿಯಿಡೀ ಒತ್ತಡ.

ಮಾತ್ರೆ

ವೈದ್ಯರು ಡೈಕ್ಲೋಫಿನಾಕ್ ನಿಲ್ಲಿಸಿ, ನೋವು ಉಲ್ಬಣಿಸಿದ ದಿನಗಳಿಗೆ ಪ್ಯಾರಾಸಿಟಮಾಲ್ 650 ಮಿ.ಗ್ರಾಂ., ದಿನಕ್ಕೆ ಮೂರರವರೆಗೆ, ಮೂರು ದಿನ ಎಂದು ಬರೆದರು. ಮುಟ್ಟಿನ ಹಿಂದಿನ ಸಂಜೆಯಿಂದ ಎರಡು ದಿನ ಐಬುಪ್ರೊಫೆನ್ 400 ಮಿ.ಗ್ರಾಂ., ಊಟದ ಮೇಲೆ. ಮಳೆಗಾಲದಲ್ಲಿ ಜ್ವರ ಬಂದರೆ ಐಬುಪ್ರೊಫೆನ್ ಮುಟ್ಟಬಾರದು. ಡೆಂಗಿಯಾಗಿದ್ದರೆ ರಕ್ತಸ್ರಾವದ ಅಪಾಯ. ಸ್ನಾಯು ಸಡಿಲಿಸುವ ಮಾತ್ರೆ ತೂಕಡಿಕೆ ತರುತ್ತದೆ, ಸ್ಕೂಟರ್ ಓಡಿಸುವವರಿಗೆ ಆಗದು. ರಕ್ತದಲ್ಲಿ ವಿಟಮಿನ್ ಡಿ ಮಿ.ಲೀ.ಗೆ 14 ನ್ಯಾನೋಗ್ರಾಂ ಇತ್ತು, 20ಕ್ಕಿಂತ ಕೆಳಗೆ ಕೊರತೆ. ವಾರಕ್ಕೊಂದು 60,000 ಯೂನಿಟ್, ಎಂಟು ವಾರ. ಇದು ಮೂಳೆಯ ಬಲಕ್ಕೆ ಬೇಕು. ಬಾಗಿನ ನೋವು ಇದರಿಂದಲೇ ಹೋಗುತ್ತದೆ ಎಂದು ನಂಬಿಸಬಾರದು.

ಜುಲೈಯಲ್ಲಿ ಜಾರಿದ್ದು

ಹನ್ನೆರಡು ವಾರದ ಕೊನೆಗೆ ಸಂಜೆಯ ನೋವು 3, ಕುಳಿತುಕೊಳ್ಳುವ ತಾಳಿಕೆ 90 ನಿಮಿಷ, ಮಾತ್ರೆ ತಿಂಗಳಿಗೆ ಐದು. ಆಮೇಲೆ ಮಳೆ ಹಿಡಿಯಿತು. ನಡೆಯುವುದು ನಿಂತಿತು, ಒದ್ದೆ ಬಟ್ಟೆಯ ಚಳಿಯಲ್ಲಿ ಸಂಜೆಯ ವ್ಯಾಯಾಮವೂ ನಿಂತಿತು. ಮೂರು ವಾರದಲ್ಲಿ ನೋವು ಮತ್ತೆ 5. "ಎಲ್ಲ ವ್ಯರ್ಥ ಆಯ್ತು" ಎಂಬ ಮಾತು ಬರುವುದು ಇಂಥ ಹೊತ್ತಿನಲ್ಲಿ. ವ್ಯರ್ಥವಾಗಿರಲಿಲ್ಲ: ಕ್ಯಾನು ಎಂಟು ಲೀಟರಿನದೇ ಎತ್ತುತ್ತಿದ್ದರು, ಶಕ್ತಿ ಎಲ್ಲೂ ಹೋಗಿರಲಿಲ್ಲ, ಚಲನೆ ಮಾತ್ರ ಕಡಿಮೆಯಾಗಿತ್ತು. ಮನೆಯ ಉದ್ದ ಜಗಲಿಯಲ್ಲಿ ಬೆಳಿಗ್ಗೆ ಹತ್ತು, ಸಂಜೆ ಹತ್ತು ನಿಮಿಷ ನಡೆಯುವುದು, ಒಂದೇ ಮೆಟ್ಟಿಲು ಹತ್ತಿ ಇಳಿಯುವುದು ನಲವತ್ತು ಸಲ. ಇಳಿಜಾರಿನ ತೋಟದ ದಾರಿ ಮಳೆಯಲ್ಲಿ ಬೇಡವೇ ಬೇಡ. ಇಳಿಯುವಾಗ ಬೆನ್ನು ಹಿಂದಕ್ಕೆ ವಾಲಿ ಫಾಸೆಟ್ ಕೀಲುಗಳು ಒತ್ತುತ್ತವೆ, ಗಮ್‌ಬೂಟಿನ ಭಾರ ಬೇರೆ. ಕೈಲ್‌ಪೊಳ್ದ್ (ಸೆಪ್ಟೆಂಬರಿನ ಕೊಡವ ಹಬ್ಬ) ಬರುವಷ್ಟರಲ್ಲಿ ನೋವು ಮತ್ತೆ 3ಕ್ಕೆ ಇಳಿದಿತ್ತು.

ಹಾಕಿಯ ಮಾತು ಬಂದದ್ದೂ ಆಗ. ಬಾಗಿದರೆ ಬಾಗು ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದಕ್ಕೆ 20ನೇ ವಯಸ್ಸಿನಲ್ಲಿ ಸ್ಟಿಕ್ ಕೆಳಗಿಟ್ಟಿದ್ದರು. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬದ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ. ಬೆಳವಣಿಗೆ ಮುಗಿದವರಲ್ಲಿ ಆಟದಿಂದ ಬಾಗು ಏರುವುದಿಲ್ಲ. ಆದರೆ ಹಾಕಿ ಸ್ಟಿಕ್ ಬಲಗೈಯವರಿಗೆಂದೇ ಇರುವುದು, ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ. ಮೈ ಯಾವಾಗಲೂ ಒಂದೇ ದಿಕ್ಕಿಗೆ ಬಾಗಿ ತಿರುಗುತ್ತದೆ. ಹಾಗಾಗಿ ವಾರಕ್ಕೆ ಎರಡು ದಿನ, ಹತ್ತು ನಿಮಿಷ ಪಾಸ್ ಅಭ್ಯಾಸ, ಸೊಂಟ ಮುರಿಯದೆ ಮಂಡಿ ಬಗ್ಗಿಸಿ. ಪ್ರತಿ ಎರಡು ವಾರಕ್ಕೆ ಐದು ನಿಮಿಷ ಹೆಚ್ಚು.

ಕಣದ ಕೆಲಸ

ನಿಜವಾದ ಪರೀಕ್ಷೆ ಜನವರಿ. ರೊಬಸ್ಟಾ ಹಣ್ಣು ಕಣಕ್ಕೆ ಬಿದ್ದರೆ ಬಿಸಿಲಿನಲ್ಲಿ ದಿನಕ್ಕೆ ನಾಲ್ಕೈದು ಸಲ ಕೆದಕಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕು. ಹಿಂದಿನ ವರ್ಷ ಇದೇ ಕೆಲಸದ ಎಂಟನೇ ದಿನ ಅವರು ಹಾಸಿಗೆ ಹಿಡಿದಿದ್ದರು. ಕೆದಕುವುದನ್ನು ಒಮ್ಮೆ ನಿಂತು ನೋಡಿದಾಗ ಕಾರಣ ಕಂಡಿತು. ಹಲಗೆಯ ಕೋಲು ಎದೆಯ ಎತ್ತರಕ್ಕಿಂತ ಗಿಡ್ಡ. ಬಗ್ಗಿ, ಬಲಗೈ ಕೆಳಗಿಟ್ಟು, ಪ್ರತಿ ಎಳೆತಕ್ಕೂ ಬಲಕ್ಕೇ ವಾಲುತ್ತಿದ್ದರು. ಒಂದು ಸುತ್ತಿಗೆ ಇನ್ನೂರಕ್ಕಿಂತ ಹೆಚ್ಚು ಎಳೆತ, ಎಲ್ಲವೂ ಅದೇ ಒಳತಗ್ಗಿನ ಮೇಲೆ. ಕೋಲನ್ನು ಗಲ್ಲದ ಎತ್ತರಕ್ಕೆ ಬದಲಿಸಿ, ಐದು ನಿಮಿಷಕ್ಕೊಮ್ಮೆ ಕೈ ಅದಲುಬದಲು, ಎಳೆಯುವ ಬದಲು ಕಾಲು ಮುಂದಿಟ್ಟು ತಳ್ಳುವುದು. ಒಂದು ಸುತ್ತು ಇಪ್ಪತ್ತು ನಿಮಿಷಕ್ಕೆ ಮುಗಿಸಿ ಉಳಿದದ್ದು ಅಣ್ಣನಿಗೆ.

50 ಕಿಲೋ ಚೀಲ ಮುಟ್ಟಬಾರದು, ಇಬ್ಬರು ಹಿಡಿದರೂ. ತುಂಬುವಾಗಲೇ 15 ಕಿಲೋದ ಸಣ್ಣ ಚೀಲ, ಎದೆಗೆ ಒತ್ತಿ ಹಿಡಿದು ಒಯ್ಯುವುದು. ಮೆಣಸು ಕೊಯ್ಯಲು ಏಣಿ ಹತ್ತುವುದು ಬೇಡ. ಅಲ್ಲಿ ಒಂದು ಕೈ ಆಸರೆ, ಇನ್ನೊಂದು ಕೈ ತಲೆಯ ಮೇಲೆ, ಮೈ ತಿರುಚಿ ನಿಲ್ಲುವುದು ಅನಿವಾರ್ಯ. ಕೂತು ಮೆಣಸು ಬಿಡಿಸುವ ಕೆಲಸ ಅವರ ಪಾಲಿಗೆ, ಅದಕ್ಕೂ ಅಲಾರಂ. ಕಣದ ದಿನಗಳಲ್ಲಿ ಭಾರದ ವ್ಯಾಯಾಮ ಪೂರ್ತಿ ಬಿಟ್ಟು ಉಸಿರು ಮತ್ತು ಬೆಕ್ಕಿನ ಚಲನೆ ಮಾತ್ರ. ಹದಿನಾಲ್ಕು ದಿನ ಕೆಲಸ ಮಾಡಿದರು. ಅತಿ ಹೆಚ್ಚು ನೋವು 5, ಎರಡು ಸಂಜೆ. ಹಾಸಿಗೆ ಹಿಡಿಯಲಿಲ್ಲ.

ತಾಯಿ ಬಾಗಿಲಲ್ಲಿ ಕೇಳಿದ್ದು

ಮೂರನೇ ಭೇಟಿಯಲ್ಲಿ ಮಗಳು ಹೊರಗೆ ಹೋದ ಮೇಲೆ ತಾಯಿ ಬಾಗಿಲ ಬಳಿ ನಿಂತು ಕೇಳಿದರು: "ಮುಂದೆ ಮಗು ಹೆರೋಕೆ ತೊಂದ್ರೆ ಆಗುತ್ತಾ ಡಾಕ್ಟ್ರೇ?" ಈ ಪ್ರಶ್ನೆ ಹೆಚ್ಚಿನ ಮನೆಗಳಲ್ಲಿ ಇರುತ್ತದೆ, ಕೇಳುವುದು ಕಡಿಮೆ. ಈ ಬಗೆಯ ಸ್ಕೋಲಿಯೋಸಿಸ್ ಗರ್ಭಧಾರಣೆಗೆ ಅಡ್ಡಿಯಲ್ಲ, ಸಹಜ ಹೆರಿಗೆಗೂ ಅಡ್ಡಿಯಲ್ಲ. ಬೆನ್ನಿಗೆ ಅರಿವಳಿಕೆ ಕೊಡಬೇಕಾಗಿ ಬಂದರೆ ಸೂಜಿ ಹಾಕುವುದು ಸ್ವಲ್ಪ ಕಷ್ಟವಾಗಬಹುದು, ಆದ್ದರಿಂದ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ ಫಿಲ್ಮು ತೋರಿಸಬೇಕು. ಅದನ್ನು ಮಗಳನ್ನು ಒಳಗೆ ಕರೆದು, ಅವರ ಎದುರಿಗೇ ಹೇಳಲಾಯಿತು. ಅವರ ಬೆನ್ನಿನ ಮಾತು ಅವರಿಗೆ ಮೊದಲು ಗೊತ್ತಾಗಬೇಕು.

ಮಗಳ ಚಿಂತೆ ಬೇರೆ ಇತ್ತು. ಕೊಡವ ಸೀರೆಯ ನೆರಿಗೆ ಹಿಂದಕ್ಕೆ ಬರುತ್ತದೆ, ಸೊಂಟದ ಓರೆ ಅಲ್ಲಿ ಎದ್ದು ಕಾಣುತ್ತದೆ ಎಂದು ಮೂರು ವರ್ಷದಿಂದ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಮನೆಯೊಳಗೆ ಮುದುಡಿ ಕೂತ ಆ ದಿನಗಳೂ ಪುಸ್ತಕದಲ್ಲಿ 5, 6 ಎಂದೇ ದಾಖಲಾಗಿದ್ದವು. ಎಡಬದಿಯ ನೆರಿಗೆ ತುಸು ಸಡಿಲ ಬಿಟ್ಟು, ರವಿಕೆಯ ಬಲ ಬೆನ್ನಿನ ಹೊಲಿಗೆಯನ್ನು ಮುಕ್ಕಾಲು ಇಂಚು ಬಿಚ್ಚಿ ಹೊಲಿದುಕೊಟ್ಟದ್ದು ಊರಿನ ದರ್ಜಿ. ಸುಗ್ಗಿ ಹಬ್ಬ ಪುತ್ತರಿಗೆ ಆ ಸೀರೆ ಉಟ್ಟರು.

ಒಂದು ವರ್ಷದ ಕೊನೆಗೆ ಸಂಜೆಯ ನೋವು 2ರಿಂದ 3, ಮಾತ್ರೆ ತಿಂಗಳಿಗೆ ನಾಲ್ಕು, ಅದೂ ಮುಟ್ಟಿನ ದಿನಗಳಲ್ಲಿ. ಮೈಸೂರಿನ 120 ಕಿಲೋಮೀಟರ್ ಬಸ್ ಪ್ರಯಾಣದ ಮರುದಿನ ಈಗಲೂ 5 ಆಗುತ್ತದೆ. ಹುಣಸೂರಿನಲ್ಲಿ ಇಳಿದು ಅರ್ಧ ಗಂಟೆ ನಡೆದು ಮುಂದಿನ ಬಸ್ಸು ಹಿಡಿದರೆ 4. ಮುಂದಿನ ಎಕ್ಸ್‌ರೇ 29ನೇ ವಯಸ್ಸಿಗೆ, ನಿಂತ ಭಂಗಿಯಲ್ಲಿ. ಅದಕ್ಕೂ ಮೊದಲು ಎತ್ತರ ಕಡಿಮೆಯಾದರೆ ಅಥವಾ ಬಟ್ಟೆ ಹೊಸದಾಗಿ ಓರೆ ನಿಂತರೆ ಬೇಗ ತೆಗೆಸಬೇಕು. ಕಾಲಿನಲ್ಲಿ ಜೋಮು ಅಥವಾ ಸೋಲು ಬಂದರೆ ಒಂದೆರಡು ದಿನದಲ್ಲೇ ವೈದ್ಯರಿಗೆ ತೋರಿಸಬೇಕು. ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ ಅದೇ ದಿನ ಆಸ್ಪತ್ರೆ. ನಾಲ್ಕೂ ಫಿಲ್ಮುಗಳನ್ನು ಮಡಿಸದೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಪ್ರತಿಯೊಂದರ ಮೂಲೆಯಲ್ಲಿ ತಾರೀಕಿನ ಜೊತೆಗೆ "ನಿಂತು" ಅಥವಾ "ಮಲಗಿ" ಎಂದು ಮಾರ್ಕರಿನಲ್ಲಿ ಬರೆಯಲಾಗಿದೆ.